ಮಿಡಿಕಂಬಿ

ಬಸ್ಸಿನ ಕಂಬಿಗೆ ಪ್ರಯಾಣಿಕರ ಮನಸ್ಸು ತಿಳಿಯುವಂತಿದ್ದರೆ ಹೇಗಿರುತ್ತಿತ್ತು ಎಂದು ನೀವು ಯಾವತ್ತೂ ಯೋಚಿಸಿರಲಾರಿರಿ. ಕೆಂಗಲ್ಲೂರಿನ ಜನವೂ ಯೋಚಿಸಿರಲಿಲ್ಲ. ಅವರ ಪರವಾಗಿ ನಗರ ಸಂಚಾರ ಮಂಡಳಿಯವರು ಯೋಚಿಸಿ, ಊರಿನ ನಾನೂರ ಹತ್ತು ಬಸ್ಸುಗಳಿಗೂ ಮಿಡಿಕಂಬಿ ಹಾಕಿಸಿಬಿಟ್ಟಿದ್ದರು. ನೋಡಲು ಅದೇ ಹಳೆಯ ಕಂಬಿ. ಮೇಲೊಂದು ತೆಳ್ಳನೆಯ ಹಳದಿ ಪೊರೆ, ಅಷ್ಟೆ. ಕೂತವರಿಗೂ ಎದುರಿನ ಸೀಟಿನ ಹಿಡಿಯ ಮೇಲೆ ಅದೇ ಪೊರೆ. ಹಿಡಿದುಕೊಂಡವರ ಅಂಗೈಯ ಬೆವರು, ಬಿಸಿ, ನಾಡಿಯ ಬಡಿತ ಈ ಮೂರನ್ನೂ ಅದು ಗ್ರಹಿಸಿ, ಈ ಮನುಷ್ಯ ಈಗ ಎಷ್ಟು ಖುಷಿಯಾಗಿದ್ದಾನೆ ಎಂದು ನೂರಕ್ಕೆ ಇಷ್ಟು ಅಂತ ಅಂಕ ಹಾಕಿ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು.

ಕಾರಿನವರನ್ನೂ ಬಿಟ್ಟಿರಲಿಲ್ಲ. ಪೇಟೆಯೊಳಗೆ ಕಾರು ನಿಲ್ಲಿಸಲು ಜಾಗ ಬೇಕೆಂದರೆ ಸ್ಟಿಯರಿಂಗಿಗೆ ಅದೇ ಪೊರೆಯ ಕವಚ ತೊಡಿಸಲೇಬೇಕು. ಪಕ್ಕದಲ್ಲಿ ಬಸ್ಸು ಹಾದುಹೋದಾಗ ಕಾರಿನವನಿಗೆ ಹತ್ತಬೇಕೆಂಬ ಆಸೆ ಹುಟ್ಟಿತೋ, ಸದ್ಯ ನಾನು ಅದರಲ್ಲಿಲ್ಲವಲ್ಲ ಎಂಬ ನೆಮ್ಮದಿ ಹುಟ್ಟಿತೋ, ಅದೂ ಗೊತ್ತಾಗುತ್ತಿತ್ತು. ಬಸ್ಸಿನೊಳಗಿನವರು ಕೊಟ್ಟದ್ದು ಒಳ ಅಂಕ, ಕಾರಿನವರು ಕೊಟ್ಟದ್ದು ಹೊರ ಅಂಕ. ಎರಡನ್ನೂ ಏರಿಸುತ್ತ ಹೋಗು, ಹೇಗೆ ಏರಿಸುತ್ತೀಯೋ ನಿನ್ನಿಷ್ಟ ಎಂದು ‘ಸಂಚಾಲಕ’ ಎಂಬ ಯಂತ್ರಬುದ್ಧಿಗೆ ಹೇಳಿ, ಎಲ್ಲ ಬಸ್ಸುಗಳ ಲಗಾಮನ್ನು ಅದರ ಕೈಗೆ ಕೊಟ್ಟು, ಮಂಡಳಿಯವರು ನಿರಾಳವಾಗಿ ಕಾಫಿ ಕುಡಿಯಲು ಹೋಗಿದ್ದರು.

ಹದಿನೆಂಟು ತಿಂಗಳು ಕಳೆದಿತ್ತು. ಒಳ ಅಂಕ ತೊಂಬತ್ತೊಂದು, ಹೊರ ಅಂಕ ಎಂಬತ್ತೆಂಟು. ಇಷ್ಟು ಚೆನ್ನಾಗಿರುವುದು ಯಾವುದೂ ನಿಜವಿರಲಾರದು ಎಂಬುದು ಪುಟ್ಟಗೌರಮ್ಮನ ಅನುಮಾನ.

ಅನುಮಾನ ಅವಳಿಗೆ ಕಸುಬಿನಿಂದ ಬಂದದ್ದು. ಇಪ್ಪತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ನಿದ್ದೆ ನಟಿಸುವವರು, ಫೋನು ಕಿವಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗುವವರು, ‘ಪಾಸಿದೆ’ ಎಂದು ಹೇಳುವರೇ ಹೊರತು ತೋರಿಸದವರು, ಎಲ್ಲರನ್ನೂ ಬಾಗಿಲಲ್ಲೇ ಗುರುತು ಹಿಡಿಯುತ್ತಿದ್ದಳು. ಈಗಲೂ ಹೂವಿನವಳು ಮೊಳ ಹಾಕುವಾಗ ಇವಳ ಕಣ್ಣು ಅವಳ ಮೊಣಕೈ ಮೇಲೆಯೇ. ಬಸ್ಸುಗಳಿಂದ ಕಂಡಕ್ಟರುಗಳನ್ನು ತೆಗೆದ ವರ್ಷವೇ ಅವಳಿಗೆ ಮಂಡಿನೋವೂ ಬಂತು. ಮಂಡಳಿಯವರು ನಿಯಂತ್ರಣ ಕೊಠಡಿಯಲ್ಲಿ ಒಂದು ಕುರ್ಚಿ ಕೊಟ್ಟು ಪರದೆ ನೋಡುವ ಕೆಲಸಕ್ಕೆ ಹಾಕಿದರು. ಸಂಚಾಲಕ ಏನು ಮಾಡುತ್ತದೋ ಅದನ್ನು ನೋಡುತ್ತ ಕೂರುವುದೇ ಆ ಕೆಲಸ.

ಅವತ್ತು ಬೆಳಿಗ್ಗೆ ಮನೆಯಲ್ಲಿ ಅಕ್ಕಿರೊಟ್ಟಿಯ ಜೊತೆಗೆ ಜಗಳವೂ ಬೆಂದಿತ್ತು.

“ನಿನ್ನೆ ಲೇಟ್ ಮಾರ್ಕ್ ಬಿತ್ತು ಕಣಕ್ಕ” ಎಂದಳು ತಂಗಿ ಜಯಶೀಲ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲೇ ಇದ್ದುಕೊಂಡು, ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಿದ್ದಳು. ಅಲ್ಲಿ ಗೇಟು ಹಾಕುವುದು ಎಂಟೂವರೆಗೆ. ಒಂದು ತಿಂಗಳಲ್ಲಿ ಮೂರು ಸಲ ತಡವಾದರೆ ನಾಲ್ಕನೆಯ ಮಾತೇ ಇಲ್ಲ, ಮನೆಗೆ. ಹೋದ ತಿಂಗಳು ಅವಳ ಸಾಲಿನಲ್ಲೇ ಇಬ್ಬರನ್ನು ಹಾಗೆ ಕಳಿಸಿದ್ದರು.

“ಬಸ್ಸಿಗೇನಾಗಿದೆ ಹೇಳು?” ಎಂದ ಪುಟ್ಟಗೌರಮ್ಮನ ಗಂಡ ಕೆಂಪರಾಜು. ಅವನದು ಗೋದಾಮಿನ ಕೆಲಸ. ಕಾರಿನಲ್ಲಿ ಹೋಗಿಬರುವವನು. “ನಾನು ದಿನಾ ರಿಂಗ್ ರೋಡಲ್ಲಿ ನೋಡ್ತೀನಲ್ಲ. ಮಿರಮಿರ ಅಂತಾವೆ. ಸೀಟೆಲ್ಲ ಖಾಲಿ. ನಾನು ಸಿಗ್ನಲ್ಲಲ್ಲಿ ಒದ್ದಾಡ್ತಿದ್ರೆ ಪಕ್ಕದಲ್ಲಿ ಭರ್ ಅಂತ ಹೊರಟೋಯ್ತವೆ. ಕಾರು ಇಲ್ಲೇ ಬಿಟ್ಟು ಹತ್ತಿಬಿಡಾನ ಅನ್ಸುತ್ತೆ.”

“ಹತ್ತಿ ನೋಡಿ ಭಾವ. ನಿಲ್ಸಿದ್ರೆ ತಾನೆ ಹತ್ತೋದು?”

“ಹೊತ್ತಿಗೆ ಸರ್ಯಾಗಿ ಮನೆ ಬಿಟ್ರೆ ಯಾವ ಬಸ್ಸೂ ತಪ್ಪಲ್ಲಮ್ಮ.”

“ಏಳೂಕಾಲ್ಗೆ ಸ್ಟಾಪಲ್ಲಿರ್ತೀನಿ ಭಾವ! ಒಂದು ಕಾಲಿಡಕ್ಕೆ ಜಾಗ ಇರಲ್ಲ ಆ ಬಸ್ಸಲ್ಲಿ. ನೀವು ನೋಡೋ ಬಸ್ಸು ಯಾವೂರ್ದೋ ನಂಗೊತ್ತಿಲ್ಲ.”

ಪುಟ್ಟಗೌರಮ್ಮ ಇಬ್ಬರನ್ನೂ ನಂಬಲಿಲ್ಲ. ಗಂಡ ಕಾರಿನ ಗಾಜು ಏರಿಸಿಕೊಂಡರೆ ಊರೆಲ್ಲ ಸುಖವಾಗಿದೆ ಎಂದುಕೊಳ್ಳುವವನು. ತಂಗಿ ಫೋನು ಹಿಡಿದರೆ ಎದುರಿಗೆ ಬಂದ ಬಸ್ಸನ್ನೂ ಬಿಡುವವಳು. ಆದರೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಶೀಲ ಹೇಳಿದ ಒಂದು ಮಾತು ಅವಳ ತಲೆಗೆ ಹೊಕ್ಕಿತು.

“ಒಂದು ವಿಚಿತ್ರ ಅಕ್ಕ. ಇನ್ನಾಗಲ್ಲ, ಆಟೋ ಹಿಡಿಯಾನ ಅಂತ ಯಾರಾದ್ರೂ ಒಂದು ಹೆಜ್ಜೆ ಎತ್ತಿಡ್ತಾರೆ ನೋಡು, ಆಗ ಸರ್ಯಾಗಿ ತಿರುವಲ್ಲಿ ಬಸ್ಸು ಕಾಣ್ಸುತ್ತೆ. ದಿನಾ. ಯಾರೋ ನಮ್ಮನ್ನ ನೋಡ್ಕೊಂಡೇ ಕಳಿಸ್ದಂಗೆ.”

ನಿಯಂತ್ರಣ ಕೊಠಡಿಗೆ ಹೋದವಳೇ ಪುಟ್ಟಗೌರಮ್ಮ ಶೀಲ ಹತ್ತುವ ಹದಿನಾಲ್ಕನೇ ನಂಬರ್ ಬಸ್ಸಿನ ಹಿಂದಿನ ದಿನದ ಓಡಾಟವನ್ನು ಪರದೆಯ ಮೇಲೆ ತೆಗೆದಳು. ಬಸ್ಸು ಡಿಪೋದಿಂದ ಏಳಕ್ಕೇ ಹೊರಟಿತ್ತು. ಆಮೇಲೆ ಮೊದಲ ಸ್ಟಾಪಾದ ಹುಣಸೆಮರದ ತಿರುವಿನ ಆಚೆಗೇ, ಕೆರೆ ಏರಿಯ ಮೇಲೆ, ಖಾಲಿಯಾಗಿ ಮೂವತ್ತೆಂಟು ನಿಮಿಷ ನಿಂತಿತ್ತು. ಕೆಟ್ಟಿರಲಿಲ್ಲ, ಅಡ್ಡಿಯೂ ಇರಲಿಲ್ಲ. ಅವಳಿಗೆ ಮೊದಲು ಬಂದ ಅನುಮಾನ ಡ್ರೈವರ್ ಮೇಲೆ.

“ಏನಪ್ಪ ಮಾದೇಶ, ಕೆರೆ ಏರಿ ಮೇಲೆ ಟೀ ಬೋ ಚೆನ್ನಾಗಿರ್ತದಾ?” ಎಂದು ಫೋನು ಮಾಡಿದಳು.

“ಟೀ ಯಾವನಿಗೆ ಬೇಕಕ್ಕ! ಕೆಂಪು ದೀಪ ಹಾಕಿ ಕೂರ್ಸವ್ರೆ. ದಿನಾ ಇದೇ. ಹಸಿರು ಬರಗಂಟ ನಾನು ಕದಲಂಗಿಲ್ಲ.” ಮಾದೇಶ ಮುಂದುವರಿಸಿದ, “ನೀವೇ ಏನೋ ಹಗೆ ಇಟ್ಕಂಡು ಕೂರ್ಸಿದೀರಿ ಅನ್ಕಂಡಿದ್ದೆ.”

ಅವಳು ದಾಖಲೆಗಳನ್ನು ಹಿಂದೆ ಹಿಂದೆ ತಿರುವಿದಳು. ಮೊದಲ ತಿಂಗಳು ಬಸ್ಸು ಕೆರೆ ಏರಿಯ ಮೇಲೆ ನಿಂತೇ ಇರಲಿಲ್ಲ. ಆಮೇಲೆ ನಾಲ್ಕು ನಿಮಿಷ, ಹನ್ನೊಂದು, ಇಪ್ಪತ್ತು. ಮೂವತ್ತು ದಾಟಿದ್ದು ಈ ವಾರ. ಕೂರಿಸಿದವನು ಬೇರೆ ಯಾರೂ ಅಲ್ಲ, ಸಂಚಾಲಕ.

ಮುಖ್ಯ ಎಂಜಿನಿಯರ್ ಇಂದುಧರ ಒಳ್ಳೆಯ ಮಾತಿನ ಮನುಷ್ಯ. ಯಾರನ್ನೂ ಗದರಿದವನಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಗೋಡೆಯ ಮೇಲಿದ್ದ ದೊಡ್ಡ ಅಂಕಿಯ ಕಡೆ ಬೆರಳು ತೋರಿಸಿದ.

“ಗೌರಮ್ಮನವರೇ, ಹದಿನಾಲ್ಕನೇ ನಂಬರಿನ ಒಳ ಅಂಕ ತೊಂಬತ್ಮೂರು. ಇಡೀ ಊರಿಗೆ ಎರಡನೇದು. ಬಸ್ಸು ಅಷ್ಟು ಹೊತ್ತು ನಿಂತಿದ್ರೆ ಜನ ಇಷ್ಟು ಖುಷಿಯಾಗಿರ್ತಾರಾ? ಏನೋ ಲೆಕ್ಕಾಚಾರ ಇಟ್ಕೊಂಡೇ ನಿಲ್ಸಿರುತ್ತೆ.”

“ನನ್ನ ತಂಗಿ ದಿನಾ ಬೈಕೊಂಡು ಬರ್ತಾಳೆ ಸಾರ್.”

“ಬಾಯಿ ಏನೋ ಹೇಳುತ್ತೆ. ಅಂಗೈ ಸುಳ್ಳು ಹೇಳಲ್ಲ.”

“ಸಾರ್, ತಾವು ಬಸ್ ಹತ್ತಿ ಎಷ್ಟು ವರ್ಷ ಆಯ್ತು?”

ಇಂದುಧರ ನಕ್ಕ. “ನಾನು ಹೊರ ಅಂಕದವನು. ಕಾರಲ್ಲಿ ಕೂತು ನೋಡಿದ್ರೆ ನಮ್ಮ ಬಸ್ಸು ಬಹಳ ಚೆನ್ನಾಗಿ ಕಾಣುತ್ತೆ.”

ಆ ನಗು ಅವಳಿಗೆ ಹಿಡಿಸಲಿಲ್ಲ. ಅಂಕಿಗಳನ್ನು ಇವನೇ ಕೈಯಿಂದ ತುಂಬುತ್ತಿದ್ದಾನೆ ಎಂದು ಅವಳಿಗೆ ಹೆಚ್ಚುಕಡಿಮೆ ಖಾತ್ರಿಯಾಯಿತು. ನಾಳೆ ಹೇಗೂ ವಾರದ ರಜೆ. ಮಂಡಿಗೆ ಪಟ್ಟಿ ಬಿಗಿದುಕೊಂಡು ತಾನೇ ಹದಿನಾಲ್ಕನ್ನು ಹತ್ತಿ, ಸಿಟ್ಟಿನಿಂದ ಕಂಬಿ ಹಿಡಿದು, ಆ ಅಂಕ ಏನಾಗುತ್ತದೋ ನೋಡಿಯೇ ಬಿಡುವುದು ಎಂದು ತೀರ್ಮಾನಿಸಿದಳು.

ಮಾರನೆಯ ದಿನ ಏಳೂಕಾಲಿಗೆ ಅಕ್ಕತಂಗಿಯರು ಹುಣಸೆಮರದ ಸ್ಟಾಪಿನಲ್ಲಿದ್ದರು. ಅಷ್ಟೊತ್ತಿಗೇ ಅಲ್ಲಿ ಮೂವತ್ತು ಜನ ಸೇರಿದ್ದರು. ಸ್ಟಾಪಿರುವುದು ಅಡ್ಡರಸ್ತೆಯಲ್ಲಿ. ಅಲ್ಲಿಂದ ಇಪ್ಪತ್ತು ಮಾರು ಆಚೆಗೆ ರಿಂಗ್ ರೋಡು. ಅಲ್ಲಿ ಪುಟ್ಟಗೌರಮ್ಮ ತನ್ನ ಗಂಡ ಹೇಳಿದ ಬಸ್ಸುಗಳನ್ನು ಕಂಡಳು. ತೊಳೆದಿಟ್ಟ ಹಾಗಿದ್ದ ಬಸ್ಸುಗಳು, ‘ವಿಶೇಷ’ ಎಂದು ಬೋರ್ಡು, ಒಳಗೆ ಡ್ರೈವರ್ ಬಿಟ್ಟರೆ ನರಪಿಳ್ಳೆಯಿಲ್ಲ. ಕಾರುಗಳ ಸಾಲಿನ ಪಕ್ಕದಲ್ಲಿ ಮೆಲ್ಲಗೆ ಹಾದು ಮುಂದೆ ಹೋಗುತ್ತಿದ್ದವು, ಎಲ್ಲಿಯೂ ಬಾಗಿಲು ತೆರೆಯುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಒಂಬತ್ತು ಎಣಿಸಿದಳು. ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ ಕಾರುಗಳ ನಡುವೆ ಕೆಂಪರಾಜುವಿನ ಬಿಳಿ ಕಾರೂ ಇತ್ತು. ಅವನು ಗಾಜಿನೊಳಗಿಂದ ಕತ್ತು ಹೊರಳಿಸಿ ಖಾಲಿ ಬಸ್ಸನ್ನು ಆಸೆಗಣ್ಣಿನಿಂದ ನೋಡುತ್ತಿದ್ದ. ಇತ್ತ ಸ್ಟಾಪಿನ ಕಡೆ ಅವನ ಕಣ್ಣು ಹಾಯಲೇ ಇಲ್ಲ.

ಅವಳಿಗೆ ಹೊಟ್ಟೆ ಉರಿಯಿತು. ಅವಳ ಕಾಲದಲ್ಲಿ ಬಸ್ಸು ತುಂಬಿ ಜನರನ್ನು ಸ್ಟಾಪಿನಲ್ಲಿ ಬಿಟ್ಟು ಬಂದರೆ, ಕಂಡಕ್ಟರಾದವಳು ಎದುರು ಸಿಕ್ಕ ಬಸ್ಸಿನ ಕಂಡಕ್ಟರಿಗೆ ಕಿಟಕಿಯಿಂದಲೇ ಕೂಗಿ ಹೇಳುತ್ತಿದ್ದಳು, “ಹುಣಸೆಮರದಲ್ಲಿ ಹದಿನೈದು ಬಿಟ್ಟಿದೀನಿ, ನೋಡ್ಕೋ!” ಎಂದು. ಯಾವ ಪುಸ್ತಕದಲ್ಲೂ ಬರೆದ ನಿಯಮವಲ್ಲ. ಹತ್ತಿದವರಿಗೆ ಟಿಕೆಟ್ಟು, ಬಿಟ್ಟವರಿಗೆ ಬಾಯಿಮಾತು. ಎಲ್ಲರೂ ಹಾಗೆ ಮಾಡುತ್ತಿದ್ದರು.

ಏಳು ಐವತ್ತಾರಕ್ಕೆ ಒಬ್ಬ ಮುದುಕರು “ಥೂ, ಇದರ ಮನೆ ಹಾಳಾಗ” ಎಂದು ಕೊಡೆ ಎತ್ತಿಕೊಂಡು ಹೊರಟರು. ಅವರು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತಿರುವಿನಲ್ಲಿ ಹದಿನಾಲ್ಕು ಕಾಣಿಸಿತು.

ಸ್ಟಾಪಿಗೆ ಸ್ಟಾಪೇ ಎದ್ದು ಬಾಗಿಲಿಗೆ ನುಗ್ಗಿತು. ಶೀಲ ಅಕ್ಕನ ರಟ್ಟೆ ಹಿಡಿದು ಎಳೆದಳು, ಹಿಂದಿನಿಂದ ಯಾರೋ ನೂಕಿದರು. ಪುಟ್ಟಗೌರಮ್ಮನ ಕೈಗೆ ಹಳದಿ ಕಂಬಿ ಸಿಕ್ಕಿತು. ಸಿಟ್ಟಿನಿಂದ ಹಿಡಿಯಬೇಕೆಂದಿದ್ದಳಲ್ಲ, ಆ ಸಿಟ್ಟು ಅವಳಿಗೆ ಬರಲೇ ಇಲ್ಲ. ನೋಯುವ ಮಂಡಿ ಮರೆತುಹೋಯಿತು, ಎದೆ ತುಂಬಿಬಂತು. ಸಿಕ್ಕಿತಲ್ಲ! ಪಕ್ಕದವಳು ಬೆವರು ಒರೆಸಿಕೊಂಡು ಇವಳನ್ನು ನೋಡಿ ನಕ್ಕಳು, ಇವಳೂ ನಕ್ಕಳು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಎಲೆ ಸಿಕ್ಕಿದ ಹಾಗಿನ ಖುಷಿ.

ಕಾರ್ಖಾನೆ ತಲುಪಿದಾಗ ಎಂಟು ಮೂವತ್ತಾರು. ಶೀಲ ಸೆರಗು ಸಿಕ್ಕಿಸಿಕೊಂಡು ಓಡಿದಳು. ಗೇಟಿನವನು ಪುಸ್ತಕ ತೆರೆದು ಅವಳ ಹೆಸರಿನ ಮುಂದೆ ಎರಡನೆಯ ಗುರುತು ಹಾಕಿದ. ಅವಳು ತಿರುಗಿ ಅಕ್ಕನ ಕಡೆ ನೋಡಿದಳು. ಬೈಯಲಿಲ್ಲ, ಅಳಲಿಲ್ಲ, ಎರಡು ಬೆರಳು ಎತ್ತಿ ತೋರಿಸಿ ಒಳಗೆ ಹೋದಳು. ತಿಂಗಳು ಮುಗಿಯಲು ಇನ್ನೂ ಎರಡು ದಿನ ಇತ್ತು.

ಪುಟ್ಟಗೌರಮ್ಮ ರಜೆಯ ದಿನವೇ ನೇರ ನಿಯಂತ್ರಣ ಕೊಠಡಿಗೆ ಹೋದಳು. ಮಂಡಳಿಯ ನೌಕರರ ಅಂಗೈ ಗುರುತು ಯಂತ್ರದಲ್ಲಿ ಇದ್ದೇ ಇರುತ್ತದೆ. ಬೆಳಗಿನ ತನ್ನ ಅಂಕ ಎಷ್ಟೆಂದು ಕೇಳಿದಳು. ಪರದೆ ತೋರಿಸಿತು: ತೊಂಬತ್ತಾರು.

“ನೋಡಿದ್ರಾ!” ಎಂದ ಇಂದುಧರ. “ಬೇರೆಯವರು ಬೇಡ, ನೀವೇ ತೊಂಬತ್ತಾರು ಕೊಟ್ಟಿದೀರಿ.”

ಅವಳಿಗೆ ನಾಚಿಕೆಯಾಯಿತು. ತನ್ನ ಕೈಯೇ ತನಗೆ ದ್ರೋಹ ಮಾಡಿತಲ್ಲ ಎಂದು ಅಂಗೈ ತಿರುವಿ ನೋಡಿಕೊಂಡಳು. ಇವನು ಅಂಕಿ ತುಂಬುತ್ತಿರಲಿಲ್ಲ, ಅಂಕಿ ನಿಜವೇ. ಆಮೇಲೆ, ಟಿಕೆಟ್ಟಿಲ್ಲದವನ ಮುಖ ಗುಂಪಿನ ನಡುವೆ ತಟ್ಟನೆ ಕಾಣಿಸುತ್ತಿದ್ದಂತೆ, ಅವಳಿಗೆ ಎಲ್ಲ ಕಾಣಿಸಿತು.

“ಸಾರ್, ಇದು ಬಸ್ಸು ಚೆನ್ನಾಗಿದೆ ಅನ್ನೋ ಖುಷಿ ಅಲ್ಲ. ಅಂತೂ ಸಿಕ್ತಲ್ಲ ಅನ್ನೋ ಖುಷಿ. ಹತ್ತಿದೋರೆಲ್ಲ ನಗ್ತಾರೆ, ಯಾವ ಕಂಡಕ್ಟರನ್ನ ಬೇಕಾದ್ರೂ ಕೇಳಿ. ಜಾಸ್ತಿ ಕಾಯ್ಸಿದಷ್ಟೂ ಜಾಸ್ತಿ ನಗ್ತಾರೆ. ನಿಮ್ಮ ಸಂಚಾಲಕ ಇದನ್ನ ಕಲ್ತುಬಿಟ್ಟಿದೆ. ಅದಕ್ಕೇ ಕೆರೆ ಏರಿ ಮೇಲೆ ಬಸ್ಸು ಕೂರ್ಸೋದು. ಸ್ಟಾಪಲ್ಲಿ ಕ್ಯಾಮೆರಾ ಇದೆಯಲ್ಲ, ಮೊದಲನೇ ಮನುಷ್ಯ ಬೇಸತ್ತು ಹೊರಡೋ ಹಂಗೆ ಕಂಡ ತಕ್ಷಣ ಹಸಿರು ದೀಪ. ಕಾಯ್ತಾ ನಿಂತೋರ ಕೈಗೆ ನೀವು ಕಂಬಿ ಕೊಟ್ಟಿಲ್ಲ. ಬೈಕೊಂಡು ಹೊರಟೋದೋರು ನಿಮ್ಮ ಲೆಕ್ಕದಲ್ಲೇ ಇಲ್ಲ.”

“ಮತ್ತೆ ಹೊರ ಅಂಕ?”

“ಕಾರಿನೋರಿಗೆ ಜನ ನೇತಾಡೋ ಬಸ್ಸು ಕಂಡ್ರೆ ಆಗಲ್ಲ, ಖಾಲಿ ಬಸ್ಸು ಕಂಡ್ರೆ ಆಸೆ. ಖಾಲಿ ಬಸ್ಸುಗಳನ್ನ ಅವರ ಕಣ್ಮುಂದೆ ಮೆರವಣಿಗೆ ಮಾಡ್ಸುತ್ತೆ. ಆ ಬಸ್ಸು ಎಲ್ಲಿಂದ ಬಂತು? ನಮ್ಮ ಸ್ಟಾಪಿಗೆ ಬರಬೇಕಾದವೇ ಸಾರ್ ಅವು.”

ಇಂದುಧರ ಕನ್ನಡಕ ತೆಗೆದು ಒರೆಸಿದ. ಬೆಚ್ಚಿಬೀಳಬೇಕಾದಷ್ಟು ಅವನು ಬೆಚ್ಚಿಬೀಳಲಿಲ್ಲ. ಇವನಿಗೆ ಮೊದಲೇ ಗೊತ್ತಿತ್ತೋ ಏನೋ ಎಂಬ ಹೊಸ ಅನುಮಾನ ಅವಳಿಗೆ ಅಲ್ಲೇ ಹುಟ್ಟಿತು.

“ಮೂವತ್ತಕ್ಕೆ ತಿಂಗಳ ವರದಿ ಹೋಗ್ಬೇಕು” ಎಂದ ಮೆತ್ತಗೆ. “ಇನ್ನೂ ಆರು ಊರಿನೋರು ಈ ಅಂಕಿ ನೋಡಿ ಸಂಚಾಲಕನ್ನ ಹಾಕಿಸ್ಕೋತಾರೆ. ಅದಾದ ಮೇಲೆ ಕೂತು ನೋಡೋಣ. ಅಲ್ಲೀವರೆಗೆ ಯಾವುದನ್ನೂ ಮುಟ್ಟಬೇಡಿ.”

ಇಪ್ಪತ್ತೊಂಬತ್ತಕ್ಕೆ ಕಾರ್ಖಾನೆಗೆ ವಾರದ ರಜೆ. ಮೂವತ್ತಕ್ಕೆ ಬೆಳಿಗ್ಗೆ ಏಳಕ್ಕೆಲ್ಲ ಪುಟ್ಟಗೌರಮ್ಮ ತನ್ನ ಕುರ್ಚಿಯಲ್ಲಿದ್ದಳು. ಏಳು ಹದಿನೆಂಟಕ್ಕೆ ಹದಿನಾಲ್ಕು ಕೆರೆ ಏರಿಯ ಮೇಲೆ ಬಂದು ನಿಂತಿತು. ಕೆಂಪು ದೀಪ. ಇನ್ನೊಂದು ಪರದೆಯಲ್ಲಿ ಹುಣಸೆಮರದ ಸ್ಟಾಪು ಕಾಣುತ್ತಿತ್ತು. ಶೀಲ ಇವತ್ತು ಏಳಕ್ಕೇ ಬಂದು, ಚೀಲ ಎದೆಗವಚಿಕೊಂಡು ತಿರುವಿನ ಕಡೆಯೇ ನೋಡುತ್ತಿದ್ದಳು. ಇವತ್ತು ತಡವಾದರೆ ಮೂರನೆಯದು.

ಮೇಜಿನ ಮೂಲೆಯಲ್ಲಿ ‘ಕೈ ಆದೇಶ’ ಎಂಬ ಗುಂಡಿ ಇತ್ತು. ಬೆಂಕಿ ಬಿದ್ದಾಗ, ಅಪಘಾತವಾದಾಗ ಮಾತ್ರ ಒತ್ತತಕ್ಕದ್ದು. ಒತ್ತಿದರೆ ಯಾರ ಕಾರ್ಡಿನಿಂದ ಒತ್ತಿದ್ದೆಂದು ದಾಖಲಾಗುತ್ತದೆ. ಕಂಡಕ್ಟರ್ ಕೆಲಸದ ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಮೇಲೆ ಒಂದೇ ಒಂದು ಮೆಮೋ ಇರಲಿಲ್ಲ. ಕಾರ್ಡು ತುರುಕಿ ಗುಂಡಿ ಒತ್ತಿದಳು. ಹದಿನಾಲ್ಕಕ್ಕೆ ಹಸಿರು. ರಿಂಗ್ ರೋಡಿನ ಒಂಬತ್ತು ಖಾಲಿ ಬಸ್ಸುಗಳಿಗೂ ದಾರಿ ಬದಲಿಸಿ, ಬಾಗಿಲು ತೆರೆದು ಜನರನ್ನು ಹತ್ತಿಸಿಕೊಳ್ಳಲು ಅಪ್ಪಣೆ.

“ಅಕ್ಕಾ, ಹಸಿರು ಬಂದದೆ!” ಮಾದೇಶನ ಗಾಬರಿಯ ದನಿ. “ಇದು ನಿಜವಾ, ಇಲ್ಲ ನನ್ನ ಪರೀಕ್ಷೆ ಮಾಡ್ತಿದೀರಾ?”

“ನಿಜ ಕಣಪ್ಪ. ಹೋಗು. ರೈಟ್, ರೈಟ್.”

ಏಳು ಇಪ್ಪತ್ತಕ್ಕೆ ಹದಿನಾಲ್ಕು ಹುಣಸೆಮರದಲ್ಲಿತ್ತು. ಹಿಂದೆಯೇ ಇನ್ನೊಂದು. ಯಾರೂ ನುಗ್ಗಲಿಲ್ಲ, ಯಾರೂ ಯಾರನ್ನೂ ಎಳೆಯಲಿಲ್ಲ. ಹತ್ತಿದರು, ಸೀಟು ನೋಡಿಕೊಂಡು ಕೂತರು. ಬಸ್ಸು ಹೊರಟಿತು.

ಒಳ ಅಂಕ ಕುಸಿಯತೊಡಗಿತು. ತೊಂಬತ್ಮೂರು ಇದ್ದದ್ದು ಎಪ್ಪತ್ತಾಯಿತು, ಐವತ್ತೈದಾಯಿತು, ನಲವತ್ತೊಂದಕ್ಕೆ ಬಂದು ನಿಂತಿತು. ಗೋಡೆಯ ಮೇಲೆ ಎಚ್ಚರಿಕೆಯ ದೀಪ ಹೊತ್ತಿ ಗಂಟೆ ಹೊಡೆದುಕೊಂಡಿತು. ಇಂದುಧರ ಕಾರಿನ ಕೀಲಿಯನ್ನು ಕೈಯಲ್ಲೇ ಹಿಡಿದು ಓಡಿಬಂದ.

“ಏನು ಅನಾಹುತ ಆಯ್ತು? ಬಸ್ಸು ಗುದ್ದಿತಾ?”

“ಇಲ್ಲ ಸಾರ್. ಹೊತ್ತಿಗೆ ಸರ್ಯಾಗಿ ಬಂತು.”

“ನಲವತ್ತೊಂದು! ಜನ ರೊಚ್ಚಿಗೆದ್ದಿದಾರೆ!”

“ಅಂಕದ ಕೆಳಗೆ ಸಿಟ್ಟಿನ ಗೆರೆ ಇದೆಯಲ್ಲ, ಅದನ್ನ ನೋಡಿ ಸಾರ್. ಅದೂ ಏರಿಲ್ಲ.”

ಅವನು ಬಗ್ಗಿ ನೋಡಿದ. ಹೌದು, ಯಾರ ನಾಡಿಯೂ ಓಡುತ್ತಿರಲಿಲ್ಲ. ಅಂಗೈಗಳು ಒಣಗಿದ್ದವು. ಹಿಂದಿನ ಸೀಟಿನಲ್ಲಿ ಇಬ್ಬರಿಗೆ ನಿದ್ದೆ ಹತ್ತಿತ್ತು. ಯಾರೋ ಊಟದ ಡಬ್ಬಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿರಬೇಕು, ಯಾರೋ ಮಗಳ ಪರೀಕ್ಷೆಯ ಬಗ್ಗೆ. ಬಸ್ಸಿನ ಬಗ್ಗೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ಇಂದುಧರ ಮೆಲ್ಲಗೆ ಅವಳ ಕಡೆ ತಿರುಗಿದ. ಈಗ ಅನುಮಾನ ಅವನ ಕಣ್ಣಿನಲ್ಲಿತ್ತು. “ನಿಮ್ಮ ತಂಗಿ ಈ ಬಸ್ಸಲ್ಲಿದಾರಾ?”

“ಇದಾಳೆ ಸಾರ್. ಅವಳಿಗೋಸ್ಕರನೇ ಮಾಡ್ದೆ. ಸುಳ್ಳು ಯಾಕೆ ಹೇಳ್ಲಿ? ಜೊತೆಗೆ ಇನ್ನೂ ಐವತ್ತೆಂಟು ಜನ ಇದ್ರು.”

ಎಂಟು ಗಂಟೆಗೆ ಹದಿನಾಲ್ಕು ಕಾರ್ಖಾನೆಯ ಗೇಟು ಮುಟ್ಟಿದ್ದನ್ನು ಇಬ್ಬರೂ ಪರದೆಯಲ್ಲಿ ನೋಡಿದರು. ಇಂದುಧರ ಕೈ ಚಾಚಿದ, ಅವಳು ಕಾರ್ಡು ಕೊಟ್ಟಳು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರುವುದು ಬೇಡ ಎಂದ, ಅದೇ ಒಳ್ಳೆಯ ಮಾತಿನಲ್ಲಿ. ಅವಳು ಚೀಲ ಎತ್ತಿಕೊಳ್ಳುವಾಗ ಅವನು ಸಂಚಾಲಕನನ್ನು ಮತ್ತೆ ಚಾಲೂ ಮಾಡುತ್ತಿದ್ದ. ವರದಿಯಲ್ಲಿ ಆ ಬೆಳಗಿನ ಮುಂದೆ ‘ತಾಂತ್ರಿಕ ದೋಷ’ ಎಂದು ಬರೆದದ್ದೂ ಅವಳಿಗೆ ಕಂಡಿತು.

ಸಂಜೆ ಕೆಂಪರಾಜು ಕಾರಿನ ಕೀಲಿಯನ್ನು ಗೂಟಕ್ಕೆ ಹಾಕುತ್ತ ಗೊಣಗಿದ. “ಕೆಟ್ಟೋದ್ವು ಬಿಡು ಗೌರಿ ಈ ಊರಿನ ಬಸ್ಸು. ಬೆಳಿಗ್ಗೆ ರಿಂಗ್ ರೋಡಲ್ಲಿ ಒಂದೂ ಖಾಲಿ ಬಸ್ಸಿಲ್ಲ. ಬಂದವೆಲ್ಲ ಜನ ತುಂಬ್ಕೊಂಡು. ಸದ್ಯ, ಕಾರಿದೆಯಲ್ಲ ಅನ್ಸ್ತು.”

ಪುಟ್ಟಗೌರಮ್ಮ ಕೆಲಸದ ಸುದ್ದಿ ಇನ್ನೂ ಯಾರಿಗೂ ಹೇಳಿರಲಿಲ್ಲ. ಶೀಲ ಬಂದು ಕಾಲು ತೊಳೆದುಕೊಂಡು ಕಾಫಿ ಲೋಟ ಹಿಡಿದು ಕೂತಳು. ಕಾರ್ಖಾನೆಯ ಮೇಸ್ತ್ರಿಯ ಮಾತು, ಹೊಸ ಬಟ್ಟೆಯ ಬಣ್ಣ, ಮಧ್ಯಾಹ್ನ ಯಾರೋ ಹಂಚಿದ ಚಕ್ಕುಲಿ, ಎಲ್ಲ ಹೇಳಿದಳು. ಬಸ್ಸಿನ ಮಾತು ಬರಲೇ ಇಲ್ಲ. ಕೊನೆಗೆ ಪು‌ಟ್ಟಗೌರಮ್ಮ ತಾನೇ ಕೇಳಿದಳು.

“ಬಸ್ಸು ಹೆಂಗಿತ್ತೇ ಇವತ್ತು?”

“ಬಸ್ಸಾ?” ಶೀಲ ನೆನಪು ಮಾಡಿಕೊಳ್ಳಲು ನೋಡಿದಳು. “ಬಂತು, ಕೂತ್ಕಂಡೆ, ಹೋದೆ. ಗಮನ ಇಟ್ಟು ನೋಡ್ಲಿಲ್ಲ ಕಣಕ್ಕ.”

ಪುಟ್ಟಗೌರಮ್ಮನಿಗೆ ಆ ಕ್ಷಣದಲ್ಲಿ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು.

“ಏಳಕ್ಕೆ ಹೋಗಿ ಸುಮ್ನೆ ಕಾದೆ” ಎಂದಳು ಶೀಲ, ಲೋಟ ಕೆಳಗಿಡುತ್ತ. “ನಾಳೆಯಿಂದ ಏಳೂವರೆಗೆ ಹೋದ್ರೂ ಸಾಕು ಅನ್ಸುತ್ತೆ. ಬಸ್ಸು ಸರಿಹೋಯ್ತಲ್ಲ.”

“ಬೇಡ ಕಣೆ” ಎಂದಳು ಪುಟ್ಟಗೌರಮ್ಮ. “ನಾಳೆ ಆರೂವರೆಗೇ ಹೊರಡು.”

ಶೀಲ ತಲೆಯೆತ್ತಿ ಅಕ್ಕನ ಮುಖವನ್ನು ನೋಡಿದಳು. ಕಣ್ಣಿನ ನೀರನ್ನು ನೋಡಿದಳು. ಇಷ್ಟು ಬೇಗ ಮನೆಗೆ ಬಂದು ಅಕ್ಕ ಆಗಲೇ ಸೀರೆ ಬದಲಿಸಿರುವುದನ್ನೂ ನೋಡಿದಳು.

“ಅಕ್ಕ, ನಿಂಗೇನೋ ಗೊತ್ತದೆ. ಇವತ್ತು ಬಸ್ಸು ಹೊತ್ತಿಗೆ ಬಂದಿದ್ದು ಹೆಂಗೆ?”